ವೈಯಕ್ತಿಕ ಕಾರಣಗಳಿಂದ

ಮುಚಾನೆತಾಳನ್ನು ನಾಯಿ ಕಾಯುವವಳೆಂದು ಸರ್ಕಾರಕ್ಕೆ ಬರೆದುಕೊಟ್ಟು ಮೂರು ತಿಂಗಳಾಗಿತ್ತು. ಅದು ಅವಳಿಗೆ ಗೊತ್ತಾದದ್ದು ಏಪ್ರಿಲ್ ತಿಂಗಳ ಒಂದು ಗುರುವಾರ, ಊಟದ ತಟ್ಟೆಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿ, ಮೂರನೇ ಕೋಣೆಯ ಮುದುಕಿಯ ಗಲ್ಲ ಒರೆಸಿ, ಏಪ್ರನ್ ಬಿಚ್ಚುತ್ತಿದ್ದಾಗ.

ಸಿಬ್ಬಂದಿ ಮ್ಯಾನೇಜರ್ ಹ್ಯಾರಿಯಟ್ ಪೆಲ್ ಅವಳನ್ನು ಕರೆಸಿದ್ದಳು. ಹ್ಯಾರಿಯಟ್ ಬಾಯಲ್ಲಿ ಮುಚಾನೆತಾ ಎಂದರೆ ನೆಟ್ಟಾ. ಹ್ಯಾರಿಯಟ್ ಕೆಟ್ಟ ಸುದ್ದಿ ಹೇಳುವ ಮೊದಲು ಬಿಸ್ಕತ್ತಿನ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತಾಳೆ ಎಂಬುದು ಆ ವೃದ್ಧಾಶ್ರಮದಲ್ಲಿ ಎಲ್ಲರಿಗೂ ಗೊತ್ತು. ಡಬ್ಬಿ ಆಗಲೇ ಮೇಜಿನ ಈಚೆ ತುದಿಗೆ ಬಂದು ನಿಂತಿತ್ತು.

"ಬನ್ನಿ ನೆಟ್ಟಾ, ಕೂತ್ಕೊಳ್ಳಿ. ಗಾಬರಿ ಆಗೋಂಥದ್ದೇನಿಲ್ಲ. ಜನವರೀಲಿ ನಿಮ್ಮ ವೀಸಾ ಅರ್ಜಿ ಹಾಕಿದ್ವಲ್ಲ, ಅದಕ್ಕೆ ಕಂಪನಿಯಿಂದ ಕೊಟ್ಟ ಸರ್ಟಿಫಿಕೇಟಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆಗಿದೆ. ಉದ್ಯೋಗದ ಕೋಡ್."

"ಹೆಚ್ಚುಕಮ್ಮಿ ಅಂದ್ರೆ?"

"ನೀವು ಹಿರಿಯ ಆರೈಕೆದಾರರಲ್ವಾ, ಅದಕ್ಕೊಂದು ಕೋಡ್ ಇದೆ. ಅದರ ಹತ್ತಿರದ್ದೇ ಇನ್ನೊಂದು ಬಿದ್ದುಬಿಟ್ಟಿದೆ. ಅದು..." ಹ್ಯಾರಿಯಟ್ ಕಂಪ್ಯೂಟರ್ ಪರದೆಯನ್ನು ನೋಡಿ ತುಟಿ ಕಚ್ಚಿದಳು. "ಪ್ರಾಣಿಗಳ ಆರೈಕೆ. ನಾಯಿಮನೆ, ಅಂಥದ್ದು."

"ಮೂರು ತಿಂಗಳಿಂದ ನಾನು ನಾಯಿ ನೋಡ್ಕೊಳ್ಳೋಳಾ?"

"ಅಯ್ಯೋ, ಕಾಗದದಲ್ಲಿ ಮಾತ್ರ!" ಹ್ಯಾರಿಯಟ್ ನಕ್ಕಳು. ತನ್ನೊಬ್ಬಳದೇ ನಗುವೆಂದು ಗೊತ್ತಾದ ಮೇಲೆ ಒಂದು ಹಾಳೆಯನ್ನು ಡಬ್ಬಿಯ ಪಕ್ಕ ಇಟ್ಟಳು. "ಮುಂದಿನ ವಾರ, ಹೊರದೇಶದವರನ್ನ ಕೆಲಸಕ್ಕಿಟ್ಕೊಳ್ಳೋ ನಮ್ಮ ಲೈಸೆನ್ಸ್ ನೋಡೋಕೆ ತನಿಖೆಯವರು ಬರ್ತಿದಾರೆ. ಅಷ್ಟರಲ್ಲಿ ಇದು ಫೈಲಲ್ಲಿ ಇರೋದು ಬೇಡ. ನೀವು ಅರ್ಜಿ ವಾಪಸ್ ತಗೊಂಡುಬಿಡಿ. ಅವರು ಬಂದು ಹೋದ್ಮೇಲೆ, ಒಂದೆರಡು ವಾರದಲ್ಲಿ, ಸರಿಯಾದ ಕೋಡ್ ಹಾಕಿ ಹೊಸದಾಗಿ ಅರ್ಜಿ ಹಾಕೋಣ. ಲೆಟರ್ ನಾನೇ ಬರೆದಿಟ್ಟಿದೀನಿ. ನಿಮ್ಮದು ಒಂದು ಸಹಿ, ಅಷ್ಟೇ."

ಕಾಗದದಲ್ಲಿ ಎರಡೇ ಸಾಲು. 'ವೈಯಕ್ತಿಕ ಕಾರಣಗಳಿಂದ ನಾನು ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಇದು ನನ್ನ ಸ್ವಂತ ಇಚ್ಛೆಯ ನಿರ್ಧಾರ.'

"ನನ್ನ ವೈಯಕ್ತಿಕ ಕಾರಣ ಏನು?" ಎಂದಳು ಮುಚಾನೆತಾ.

"ಅದು ಸುಮ್ನೆ ಹಾಗೆ ಬರೆಯೋದು, ನೆಟ್ಟಾ. ಎಲ್ಲರೂ ಹಾಗೇ ಬರೆಯೋದು."

ಮನೆಗೆ ಕೊಂಡೊಯ್ದು ಓದುತ್ತೇನೆ ಎಂದು ಅವಳು ಕಾಗದವನ್ನು ಮಡಚಿಕೊಂಡಳು. ಎರಡು ಸಾಲು ಓದಲು ಮನೆಗೇಕೆ ಎಂಬಂತೆ ಹ್ಯಾರಿಯಟ್ ಹುಬ್ಬೇರಿಸಿದಳು. ಬಿಸ್ಕತ್ತನ್ನು ಯಾರೂ ಮುಟ್ಟಲಿಲ್ಲ.

ಲೂಟನ್ನಿನ ಬಸ್ಸಿನಲ್ಲಿ ಕೂತು ಅವಳು ಎಣಿಸಿದ್ದು ದಿನಗಳನ್ನು. ಬರುವ ಜೂನ್ ಎರಡಕ್ಕೆ ಅವಳು ಈ ದೇಶಕ್ಕೆ ಬಂದು ಹತ್ತು ವರ್ಷ. ಹತ್ತು ವರ್ಷ ಒಂದು ದಿನವೂ ತಪ್ಪದೆ ಅನುಮತಿಯ ನೆರಳಲ್ಲೇ ಬದುಕಿದವರು ಕಾಯಂ ವಾಸಕ್ಕೆ ಕೇಳಬಹುದು. ಒಂದು ವೀಸಾ ಮುಗಿಯುವ ಮುಂಚೆ ಇನ್ನೊಂದಕ್ಕೆ ಗಂಟು ಹಾಕುತ್ತ, ಓದಿನ ವೀಸಾದಿಂದ ಕೆಲಸದ ವೀಸಾಕ್ಕೆ, ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ದಾಟುತ್ತ ಅವಳು ಅಲ್ಲಿಗೆ ಬಂದು ತಲುಪಿದ್ದಳು. ಕೊನೆಯ ವೀಸಾದ ಅವಧಿ ಜನವರಿಯಲ್ಲೇ ಮುಗಿದಿತ್ತು. ಅದು ಮುಗಿಯುವ ಒಂದು ವಾರ ಮುಂಚೆ ಹಾಕಿದ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಕಾಯಂ ವಾಸ ಸಿಕ್ಕರೆ ಜಿಂಬಾಬ್ವೆಯ ಮಸ್ವಿಂಗೋದಲ್ಲಿ ಅಜ್ಜಿಯ ಜೊತೆಗಿರುವ ಮಗಳು ರುವಿಂಬೋಳನ್ನು ಕರೆಸಿಕೊಳ್ಳಬಹುದು. ರುವಿಂಬೋಗೆ ಸೆಪ್ಟೆಂಬರಿನಲ್ಲಿ ಹದಿನೆಂಟು ತುಂಬುತ್ತದೆ. ಅಲ್ಲಿಂದಾಚೆಗೆ ಕಾನೂನಿನ ಕಣ್ಣಿಗೆ ಅವಳು ಮಗಳಲ್ಲ, ಯಾರೋ ಒಬ್ಬ ಹೊರದೇಶದ ಹೆಂಗಸು.

ಇನ್ನೊಂದು ಲೆಕ್ಕವೂ ಇತ್ತು. ಫೆಬ್ರವರಿಯಲ್ಲಿ ಅವಳ ಅಪ್ಪ ತೀರಿಕೊಂಡಿದ್ದ. ಹೊರಡಲು ಬಟ್ಟೆ ತುಂಬಿದ್ದಳು. ಅರ್ಜಿ ಇತ್ಯರ್ಥವಾಗುವ ಮುಂಚೆ ದೇಶ ಬಿಟ್ಟು ಹೋದರೆ ಅರ್ಜಿ ಬಿದ್ದುಹೋಗುತ್ತದೆ, ಹೋಗಬೇಡಿ ಎಂದು ಹ್ಯಾರಿಯಟ್‌ಳಿಂದ ಇಮೇಲ್ ಬಂತು. ಅಪ್ಪನ ಪೆಟ್ಟಿಗೆಯನ್ನು ಮಣ್ಣಿಗಿಳಿಸಿದ್ದನ್ನು ಅವಳು ಫೋನಿನ ಅಂಗೈಯಗಲದ ಪರದೆಯಲ್ಲಿ ನೋಡಿದಳು. ಸಿಗ್ನಲ್ ಎರಡು ಸಲ ಕಡಿದುಹೋಯಿತು.

*

ಲೂಟನ್ನಿನ ಜಿಂಬಾಬ್ವೆಯವರಿಗೆ ಯಾವ ಕಾಗದ ಬಂದರೂ ಅದು ಮೊದಲು ಹೋಗುವುದು ಸೆಕುರು ಗ್ವಾತಿಡ್ಜೋ ಅವರ ಮನೆಗೆ. ಸೆಕುರು ಎಂದರೆ ಅಜ್ಜನೂ ಹೌದು, ಸೋದರಮಾವನೂ ಹೌದು. ಅವರು ಅವಳಿಗೆ ರಕ್ತಸಂಬಂಧದಲ್ಲಿ ಎರಡೂ ಅಲ್ಲ. ಮಸ್ವಿಂಗೋದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ದುಭಾಷಿಯಾಗಿದ್ದವರು. ಇಲ್ಲಿ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುತ್ತಾರೆ. ಆದರೂ ಭಾನುವಾರ ಚರ್ಚ್ ಮುಗಿದ ಮೇಲೆ ಟೈ ಬಿಚ್ಚುವುದಿಲ್ಲ, ಯಾರಾದರೂ ಕಾಗದ ತರುತ್ತಾರೆಂದು.

ಮುಚಾನೆತಾ ಬಾಗಿಲಲ್ಲಿ ಮಂಡಿ ಬಗ್ಗಿಸಿ, ಬೊಗಸೆ ಮಾಡಿದ ಕೈಗಳಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದಳು. ಒಳಗೆ ಸಾಡ್ಜಾ ಎಂಬ ಮೆಕ್ಕೆಜೋಳದ ಮುದ್ದೆಯ ಹಿಟ್ಟು ಕುದಿಯುವ ವಾಸನೆ. ಸೆಕುರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಊರಿನ ರೂಢಿಯಂತೆ ಅವರು ಅವಳನ್ನು ಕರೆಯುವುದು ಮಾಯಿ ರುವಿಂಬೋ, ಅಂದರೆ ರುವಿಂಬೋಳ ತಾಯಿ, ಎಂದು.

"ಇದಕ್ಯಾಕಮ್ಮ ಮಾಯಿ ರುವಿಂಬೋ ಮುಖ ಹಿಂಗೆ ಮಾಡ್ಕೊಂಡಿದೀಯ? ಇದು ವಾಪಸ್ ತಗೊಳ್ಳೋದು. ವಿತ್‌ಡ್ರಾ. ಈ ಒಂದು ಪದವನ್ನ ನಾನು ಕೋರ್ಟಲ್ಲಿ ಎಷ್ಟು ಸಾವಿರ ಸಲ ಹೇಳಿದೀನೋ!"

"ಆದ್ರೆ ಊರಿಗೆ ಹೋದ್ರೆ ಅರ್ಜಿ ಬಿದ್ದುಹೋಗುತ್ತೆ ಅಂತ ಅಪ್ಪನ ಮಣ್ಣಿಗೂ ಹೋಗ್ಲಿಲ್ವಲ್ಲ ನಾನು, ಸೆಕುರು."

"ಅದು ಬೀಳೋದು. ಇದು ನಾವಾಗಿ ವಾಪಸ್ ತಗೊಳ್ಳೋದು. ಎರಡೂ ಒಂದೇನಾ? ಕೇಳು. ಚಿವಿ ಕಡೆ ಒಬ್ಬ ದನಗಳ್ಳ ಇದ್ದ. 'ತಪ್ಪು ಒಪ್ಕೋತೀಯಾ, ಇಲ್ವಾ' ಅಂತ ಕೇಳೋಕ್ಮುಂಚೆನೇ ಸರ್ಕಾರದ ವಕೀಲ ಎದ್ದು ಕೇಸು ವಾಪಸ್ ತಗೊಂಡ. ಕಳ್ಳ ಕುಣ್ಕೊಂಡು ಮನೆಗೆ ಹೋದ. ಮುಂದಿನ ತಿಂಗಳು ಅದೇ ಕೇಸು, ಅದೇ ಎತ್ತು, ಮತ್ತೆ ಬಂತು. ಮತ್ತೆ ವಾಪಸ್. ಮೂರನೇ ಸಲ ಜೈಲಾಯ್ತು. ಕೇಳೋಕ್ಮುಂಚೆ ವಾಪಸ್ ತಗೊಂಡ್ರೆ ಕೇಸು ಸಾಯಲ್ಲ, ಮಲಗಿರುತ್ತೆ. ಕೇಳಿದ್ಮೇಲೆ ತಗೊಂಡ್ರೆ ಮಾತ್ರ ಸತ್ತ್ಹೋಯ್ತು. ನಿನ್ನ ಅರ್ಜಿಗೆ ಯಾರಾದ್ರೂ ಏನಾದ್ರೂ ತೀರ್ಮಾನ ಹೇಳಿದಾರಾ?"

"ಇಲ್ಲ."

"ಮತ್ತೆ? ಮಲಗಿಸು. ಎರಡು ವಾರ ಬಿಟ್ಟು ಎಬ್ಬಿಸು."

ಒಳಗಿಂದ ಅವರ ಹೆಂಡತಿ, "ಪಾಪ, ಆ ಕಳ್ಳನ ಕಥೆ ಬಿಟ್ರೆ ಬೇರೆ ಗೊತ್ತಿಲ್ಲ ಇವ್ರಿಗೆ. ನಮ್ಮ ಮದುವೆ ಮಾತುಕತೇಲೂ ಇದನ್ನೇ ಹೇಳಿದ್ರು," ಎಂದರು. ಎಲ್ಲರೂ ನಕ್ಕರು. ಮುಚಾನೆತಾಳೂ ನಕ್ಕಳು. ಸೆಕುರು ಅವರ ಪೆನ್ನಿನಿಂದಲೇ ಸಹಿ ಹಾಕಿದಳು.

ಸೋಮವಾರ ಬೆಳಿಗ್ಗೆ ಹ್ಯಾರಿಯಟ್ ಕಾಗದ ತೆಗೆದುಕೊಂಡು, "ಬುಧವಾರ ಬೆಳಿಗ್ಗೆ ನಮ್ಮ ಏಜೆಂಟ್ ಬಂದು ಎಲ್ಲಾ ಒಟ್ಟಿಗೆ ಕಳಿಸ್ತಾರೆ. ನೀವು ತುಂಬಾ ಒಳ್ಳೇವ್ರು ನೆಟ್ಟಾ," ಎಂದಳು. ಅಂದು ಬಿಸ್ಕತ್ತಿನ ಡಬ್ಬಿ ಕಪಾಟಿನಲ್ಲೇ ಇತ್ತು.

*

ಮಂಗಳವಾರ ಅವಳಿಗೆ ರಜೆ. ಮಂಗಳವಾರವೇ ಚರ್ಚಿನ ಹಾಲ್‌ನಲ್ಲಿ ಉಚಿತ ಕಾನೂನು ಸಲಹೆ ಕೊಡುತ್ತಾರೆ. ಡರ್ವ್ಲಾ ಎಂಬ ಐರಿಷ್ ವಕೀಲೆ ಮಡಚುವ ಮೇಜೊಂದರ ಹಿಂದೆ ಕೂತಿರುತ್ತಾಳೆ. ಶೋನಾ ಭಾಷೆಯವರು ಬಂದರೆ ಅವಳ ಪಕ್ಕ ದುಭಾಷಿಯಾಗಿ ಕೂರುವವರು ಇದೇ ಸೆಕುರು. ಅದಕ್ಕೆ ಅವರಿಗೆ ಸಿಗುವುದು ಎರಡು ಲೋಟ ಟೀ ಮತ್ತು ತಾನಿನ್ನೂ ಕೋರ್ಟಿನ ಮನುಷ್ಯ ಎಂಬ ಭಾವನೆ.

ಮುಚಾನೆತಾ ಕೇಳಲು ಹೋದದ್ದು ರುವಿಂಬೋಳ ವಿಷಯ. ಜೂನ್ ಎರಡರ ನಂತರ ಮಗಳ ಅರ್ಜಿಗೆ ಏನೇನು ಕಾಗದ ಬೇಕು ಎಂದು. ಡರ್ವ್ಲಾ ಇರುವುದೆಲ್ಲ ತೋರಿಸು ಎಂದಾಗ ಅವಳು ಫೋನಿನಲ್ಲಿದ್ದ ಆ ಪತ್ರದ ಫೋಟೋವನ್ನೂ ತೋರಿಸಿದಳು.

ಡರ್ವ್ಲಾ ಟೀ ಲೋಟ ಕೆಳಗಿಟ್ಟಳು. "ಇದು ಹೋಗಿದ್ಯಾ?"

"ನಾಳೆ ಬೆಳಿಗ್ಗೆ ಕಳಿಸ್ತಾರೆ."

"ಯಾರು ಸಹಿ ಹಾಕು ಅಂದ್ರು?"

ಮುಚಾನೆತಾ ಸೆಕುರು ಕಡೆ ನೋಡಲಿಲ್ಲ. ಸೆಕುರು ತಾವಾಗಿಯೇ ಗಂಟಲು ಸರಿಮಾಡಿಕೊಂಡು, "ತೀರ್ಮಾನ ಆಗೋಕ್ಮುಂಚೆ ವಾಪಸ್ ತಗೊಂಡ್ರೆ ಮತ್ತೆ ಹಾಕ್ಬಹುದಲ್ವಾ..." ಎಂದರು.

"ಹಾಕ್ಬಹುದು. ಯಾವ ನೆಲದ ಮೇಲೆ ನಿಂತ್ಕೊಂಡು? ಇವಳ ಹಳೇ ವೀಸಾ ಜನವರೀಲೇ ಮುಗಿದಿದೆ. ಈಗ ಇವಳನ್ನ ಈ ದೇಶದಲ್ಲಿ ಹಿಡ್ಕೊಂಡಿರೋದು ಈ ಬಾಕಿ ಅರ್ಜಿ ಒಂದೇ. ಅದನ್ನ ವಾಪಸ್ ತಗೊಂಡ ಗಳಿಗೇಲಿ ಅನುಮತಿನೂ ಹೋಯ್ತು. ಕೆಲಸ ಮಾಡೋ ಹಾಗಿಲ್ಲ. ಆ ಎರಡು ವಾರ ಇವಳು ಇಲ್ಲಿ ಅಕ್ರಮವಾಗಿ ಇದ್ದ ಹಾಗೆ. ಎಡೆಬಿಡದೆ ಹತ್ತು ವರ್ಷ ಅನ್ನೋ ಮಾತು ಅಲ್ಲಿಗೆ ಮುಗೀತು."

"ಫೆಬ್ರವರೀಲಿ ಊರಿಗೆ ಹೋಗ್ಬೇಡ ಅಂದಿದ್ರು," ಎಂದಳು ಮುಚಾನೆತಾ ನಿಧಾನವಾಗಿ. "ಅರ್ಜಿ ಬಿದ್ದುಹೋಗುತ್ತೆ ಅಂತ."

"ಅದೇ ಇದು. ಅರ್ಜಿ ಬಾಕಿ ಇರೋವಾಗ ದೇಶ ಬಿಟ್ಟು ಹೋದ್ರೆ ಅದನ್ನ ಹಿಂಪಡೆದ ಹಾಗೆ ಅಂತಾನೇ ನಿಯಮದಲ್ಲಿರೋದು. ಪದಾನೂ ಅದೇ."

ಮುಚಾನೆತಾಳಿಗೆ ಮೈಯೆಲ್ಲ ಕಾದು ಬಂತು. ಹಾಗಾದರೆ ಹ್ಯಾರಿಯಟ್‌ಗೆ ಗೊತ್ತಿತ್ತು. ಅಪ್ಪ ಸತ್ತಾಗ ಯಾವುದನ್ನು ಮಾಡಬೇಡ ಎಂದು ಇಮೇಲ್ ಬರೆದಿದ್ದಳೋ, ಅದನ್ನೇ ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟು ಸಹಿ ಹಾಕು ಎಂದಿದ್ದಳು. ವಾಪಸ್ ತಗೋ ಎನ್ನುತ್ತಾರೆ. ವಾಪಸ್ ತಗೊಂಡರೆ ಕೈಗೆ ಏನಾದರೂ ಬರಬೇಕಲ್ಲವೇ? ಇಲ್ಲಿ ವಾಪಸ್ ತಗೊಂಡವಳ ಕೈಯಿಂದಲೇ ಎಲ್ಲ ಹೋಗುತ್ತದೆ. ಇಂಥ ಪದವನ್ನು ಯಾರು ಕಟ್ಟಿದರು?

"ತಪ್ಪು ಸರಿ ಮಾಡೋದು ಹೇಗೆ ಹಾಗಾದ್ರೆ? ಆ ನಾಯಿ ಕೋಡ್ ಇಟ್ಕೊಂಡು ಕೂತ್ರೂ ಅರ್ಜಿ ತಿರಸ್ಕಾರ ಆಗುತ್ತಲ್ಲ?"

"ವಾಪಸ್ ತಗೋಬೇಡ. ಬದಲಾಯಿಸು. ಹಳೇದು ಬಾಕಿ ಇರೋವಾಗ್ಲೇ ಸರಿಯಾದ ಸರ್ಟಿಫಿಕೇಟ್ ಇಟ್ಟು ಹೊಸ ಅರ್ಜಿ ಹಾಕ್ಬೇಕು. ಹೊಸದು ಹೋದ ತಕ್ಷಣ ಹಳೇದರ ಜಾಗದಲ್ಲಿ ತಾನೇ ಕೂರುತ್ತೆ. ಮಧ್ಯ ಒಂದು ನಿಮಿಷದ ಬಿರುಕೂ ಇರಲ್ಲ."

ಇದು ಮುಚಾನೆತಾಳಿಗೆ ಥಟ್ಟನೆ ಅರ್ಥವಾಯಿತು. ಏಳಲಾಗದ ಮುದುಕಿಯ ಕೆಳಗಿನ ಹಾಸಿಗೆ ಬಟ್ಟೆಯನ್ನು ದಿನವೂ ಬದಲಿಸುವವಳು ಅವಳು. ಮುದುಕಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಹೊಸ ಬಟ್ಟೆಯನ್ನು ಬೆನ್ನಿನ ತನಕ ಹಾಸಬೇಕು, ಆಮೇಲೆ ಈಚೆಗೆ ಹೊರಳಿಸಿ ಹಳೆಯದನ್ನು ಎಳೆಯಬೇಕು. ಮುದುಕಿ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಹ್ಯಾರಿಯಟ್ ಹೇಳಿದ್ದು, ಮೊದಲು ಮುದುಕಿಯನ್ನು ನೆಲದ ಮೇಲೆ ಹಾಕು, ಬಟ್ಟೆ ಎರಡು ವಾರ ಬಿಟ್ಟು ತರೋಣ ಎಂದು.

"ಆರು ಗಂಟೆ ತನಕ ಇಲ್ಲೇ ಇರ್ತೀನಿ," ಎಂದಳು ಡರ್ವ್ಲಾ. "ಆ ಲೆಟರ್ ಕಿತ್ಕೊಂಡು ಬಾ. ಸರಿಯಾದ ಸರ್ಟಿಫಿಕೇಟ್ ತಗೊಂಡು ಬಾ. ಇವತ್ತೇ ಹಾಕಿಬಿಡೋಣ."

ಮುಚಾನೆತಾ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಹಿರಿಯರ ಎದುರಿಂದ ಏಳುವಾಗ ತಟ್ಟಬೇಕಾದ ಚಪ್ಪಾಳೆ ತಟ್ಟಲಿಲ್ಲ. ಸೆಕುರು ಅದನ್ನು ಗಮನಿಸಿದರು. ಕೆನ್ನೆಗೆ ಹೊಡೆದಿದ್ದರೂ ಅವರ ಮುಖ ಹಾಗಾಗುತ್ತಿರಲಿಲ್ಲ.

"ಪ್ರತಿ ಮಂಗಳವಾರ ಇವರ ಪಕ್ಕ ಕೂರ್ತೀರ. ಒಂದು ಮಾತು ಕೇಳೋಕೆ ನಾಲಿಗೆ ಸವೀತಿತ್ತಾ, ಸೆಕುರು?"

"ನನಗೆ ಆ ಪದ ಗೊತ್ತಿತ್ತಮ್ಮ..."

"ಗೊತ್ತಿತ್ತು. ಅದೇ ಆಗಿದ್ದು. ಏಳಿ. ನನ್ಜೊತೆ ಬನ್ನಿ."

"ನಾನ್ಯಾಕೆ?"

"ನಿಮ್ಮ ಕೆಲಸ ಮಾಡೋಕೆ."

*

"ನೆಟ್ಟಾ! ಇವತ್ತು ನಿಮಗೆ ರಜೆ ಅಲ್ವಾ?" ಹ್ಯಾರಿಯಟ್ ಅವಳ ಹಿಂದೆ ಟೈ ಕಟ್ಟಿ ನಿಂತಿದ್ದ ಮುದುಕನನ್ನು ನೋಡಿದಳು. "ಇವರು?"

"ನನ್ನ ದುಭಾಷಿ," ಎಂದಳು ಮುಚಾನೆತಾ ಇಂಗ್ಲಿಷಿನಲ್ಲಿ. ಕುರ್ಚಿ ಎಳೆದುಕೊಂಡು ಕೂತಳು. ಅಲ್ಲಿಂದ ಮುಂದೆ ಒಂದೇ ಒಂದು ಇಂಗ್ಲಿಷ್ ಪದವನ್ನೂ ಬಾಯಿಂದ ಬಿಡಲಿಲ್ಲ.

"ಹೇಳಿ ಇವಳಿಗೆ," ಎಂದಳು ಶೋನಾದಲ್ಲಿ, "ನನ್ನ ಕಾಗದ ನನ್ನ ಕೈಗೆ ಕೊಡು ಅಂತ."

ಸೆಕುರು ನೆಟ್ಟಗೆ ನಿಂತರು. "ತಾವು ದಯವಿಟ್ಟು ಅವರ ಪತ್ರವನ್ನು ಹಿಂದಿರುಗಿಸಬೇಕೆಂದು ಅವರು ಕೋರುತ್ತಾರೆ."

"ದಯವಿಟ್ಟು ಅಂತ ಎಲ್ಲಂದೆ ನಾನು? ಕೋರ್ತಾಳಂತೆ! ಕೋರ್ಟಲ್ಲಿ ಪ್ರಮಾಣ ಮಾಡ್ತಿದ್ರಲ್ಲ, ಒಂದು ಮಾತು ಸೇರಿಸಲ್ಲ, ಒಂದು ಮಾತು ಬಿಡಲ್ಲ ಅಂತ? ಹಾಗೆ ಹೇಳಿ. ನಾನು ಬೈದ್ರೆ ನೀವೂ ಬೈಬೇಕು."

ಸೆಕುರು ಟೈ ಸರಿಮಾಡಿಕೊಂಡರು. "ತಿದ್ದುಪಡಿ. ದಯವಿಟ್ಟು ಎಂಬ ಪದವನ್ನು ಅವರು ಬಳಸಲಿಲ್ಲ. ಕಾಗದ ಕೊಡು ಎಂದಿದ್ದಾರೆ. ಏಕವಚನದಲ್ಲಿ. ಇಂಗ್ಲಿಷಿನಲ್ಲಿ ಆ ವ್ಯತ್ಯಾಸವಿಲ್ಲ, ಆದರೂ ತಮ್ಮ ಗಮನದಲ್ಲಿರಲಿ."

"ನೆಟ್ಟಾ, ಏನಿದು ನಾಟಕ? ನಿಮಗೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತೆ!"

"ನನ್ನ ಹೆಸರು ನೆಟ್ಟಾ ಅಲ್ಲ ಅಂತ ಹೇಳಿ. ಪೂರ್ತಿ ಹೆಸರು ಹೇಳಿ. ಅರ್ಥಾನೂ ಹೇಳಿ."

ಊರಿನಲ್ಲಿ ಮಗುವಿಗೆ ಹೆಸರಿಡುವುದೆಂದರೆ ಒಮ್ಮೊಮ್ಮೆ ನೆರೆಹೊರೆಗೆ ಉತ್ತರ ಕೊಡುವುದು ಕೂಡ. ಗಂಡು ಹೆರಲಿಲ್ಲವೆಂದು ಅವಳ ತಾಯಿಯನ್ನು ಅತ್ತೆಯ ಮನೆಯವರು ಹಂಗಿಸುತ್ತಿದ್ದ ಕಾಲದಲ್ಲಿ ಹುಟ್ಟಿದವಳು ಮುಚಾನೆತಾ. ದಿನಕ್ಕೆ ಹತ್ತು ಸಲ ಮಗಳನ್ನು ಕೂಗುತ್ತ ತಾಯಿ ಅವರಿಗೆಲ್ಲ ಹತ್ತು ಸಲ ಉತ್ತರ ಕೊಟ್ಟಳು.

"ಇವರ ಹೆಸರು ಮುಚಾನೆತಾ," ಎಂದರು ಸೆಕುರು. "ಅರ್ಥ: ಕೊನೆಗೆ ನೀವೇ ದಣಿಯುತ್ತೀರಿ."

ಹ್ಯಾರಿಯಟ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. "ಇದು ಬೆದರಿಕೇನಾ?"

"ಅಲ್ಲ ಮೇಡಂ. ನಾಮಕರಣ."

ಮುಚಾನೆತಾ ಫೋನ್ ತೆಗೆದು ಫೆಬ್ರವರಿಯ ಇಮೇಲನ್ನು ತೆರೆದು ಮೇಜಿನ ಮೇಲಿಟ್ಟಳು. ಅವಳ ಧ್ವನಿ ಏರಲಿಲ್ಲ. ಮುದುಕರಿಗೆ ಔಷಧಿ ಕುಡಿಸುವಾಗಿನ ಧ್ವನಿಯಲ್ಲೇ ಮಾತಾಡಿದಳು.

"ಇದನ್ನ ಬರೆದಿದ್ದು ನೀನು. ನಮ್ಮಪ್ಪ ಸತ್ತು ಎರಡು ದಿನ ಆಗಿತ್ತು. ದೇಶ ಬಿಟ್ರೆ ಅರ್ಜಿ ಹೋಗುತ್ತೆ, ಅರ್ಜಿ ಹೋದ್ರೆ ಎಲ್ಲಾ ಹೋಗುತ್ತೆ ಅಂತ ಬರೆದೆ. ನಾನು ಹೋಗ್ಲಿಲ್ಲ. ಅಪ್ಪನ ಮೇಲೆ ಒಂದು ಹಿಡಿ ಮಣ್ಣು ಹಾಕ್ಲಿಲ್ಲ. ಆವತ್ತು ಸಂಜೆ ಕೆಲಸಕ್ಕೆ ಬಂದು ಬೇರೆಯವರ ಅಪ್ಪನಿಗೆ ಸ್ನಾನ ಮಾಡಿಸ್ದೆ. ಈಗ ಅದೇ ಅರ್ಜೀನ ನನ್ನ ಕೈಯಿಂದಾನೇ ಕೊಲ್ಲಿಸ್ತೀಯ. ತಪ್ಪು ಬರೆದಿದ್ದು ನಿನ್ನ ಕೈ, ವೈಯಕ್ತಿಕ ಕಾರಣ ಮಾತ್ರ ನಂದು?"

ಅಷ್ಟು ಹೊತ್ತೂ ಸೆಕುರು 'ಅವರು ಹೇಳುತ್ತಾರೆ' ಎನ್ನುತ್ತಿದ್ದರು. ಕೋರ್ಟಿನ ದುಭಾಷಿ ಹಾಗೆ ಹೇಳುವುದಿಲ್ಲ; ಸಾಕ್ಷಿ 'ನಾನು' ಎಂದರೆ ಅವನೂ 'ನಾನು' ಎನ್ನಬೇಕು. ಕೊಲೆಗಾರನಿಗೂ, ಕೊಲೆಯಾದವನ ತಾಯಿಗೂ ಇಪ್ಪತ್ತೆರಡು ವರ್ಷ ಅವರು 'ನಾನು' ಆಗಿದ್ದರು.

"ನನ್ನ ತಂದೆ ತೀರಿಕೊಂಡು ಎರಡು ದಿನವಾಗಿತ್ತು," ಎಂದು ಅವರು ಶುರುಮಾಡಿದರು. "ನಾನು ಹೋಗಲಿಲ್ಲ. ಒಂದು ಹಿಡಿ ಮಣ್ಣು ಹಾಕಲಿಲ್ಲ." 'ಬೇರೆಯವರ ತಂದೆಗೆ' ಎನ್ನುವಲ್ಲಿ ಅವರ ಧ್ವನಿ ಒಡೆಯಿತು. ಆದರೂ ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ. "ತಪ್ಪು ಬರೆದದ್ದು ನಿನ್ನ ಕೈ. ವೈಯಕ್ತಿಕ ಕಾರಣ ಮಾತ್ರ ನನ್ನದೇ?"

ಹ್ಯಾರಿಯಟ್ ಕೆಂಪಾಗಿದ್ದಳು. "ನನಗೆ ಅಷ್ಟೆಲ್ಲ ಕಾನೂನು ಗೊತ್ತಿಲ್ಲ. ಮೇಲಿಂದ ಹೇಳಿದ್ರು, ತನಿಖೆಗೆ ಮುಂಚೆ ಫೈಲ್ ಸ್ವಚ್ಛ ಮಾಡಿ ಅಂತ..."

"ಹೇಳಿ ಇವಳಿಗೆ," ಎಂದಳು ಮುಚಾನೆತಾ. "ಆ ಕಾಗದ ಕಳಿಸಿದ್ರೆ ಅದರ ಹಿಂದೇನೇ ನಾನೊಂದು ಕಳಿಸ್ತೀನಿ. ನನ್ನ ವೈಯಕ್ತಿಕ ಕಾರಣ ಏನು ಅಂತ ಒಂದೊಂದಾಗಿ ಬರೀತೀನಿ. ನಾಯಿ ಕೋಡು, ಈ ಇಮೇಲು, ಸಹಿ ಹಾಕಿಸಿದ್ದು ಯಾರು, ಯಾವತ್ತು, ಎಲ್ಲಾ. ತನಿಖೆಯವರಿಗೂ ಒಂದು ಪ್ರತಿ."

ಸೆಕುರು ಹೇಳಿದರು. ಈ ಸಲ ಅವರಿಗೆ ಸ್ವಲ್ಪ ಖುಷಿಯೂ ಆಗಿತ್ತು ಎಂದು ಮುಚಾನೆತಾಳಿಗೆ ಅನಿಸಿತು.

ಹ್ಯಾರಿಯಟ್ ಎದ್ದು ಕಿಟಕಿಯ ಬಳಿಯ ತಟ್ಟೆಯಿಂದ ಕಾಗದ ತೆಗೆದು ಕೊಟ್ಟಳು. ಮುಚಾನೆತಾ ಅದನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡಳು.

"ಹೊಸ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿ."

"ಎರಡು ವಾರ ಆಗುತ್ತೆ, ನಾನು ಹೇಳಿದ್ನಲ್ಲ."

"ಎಷ್ಟು ನಿಮಿಷದ ಕೆಲಸ ಅದು ಅಂತ ಕೇಳಿ."

ಸೆಕುರು ಕೇಳಿದರು. ಹ್ಯಾರಿಯಟ್ ಕಂಪ್ಯೂಟರ್ ಪರದೆಯತ್ತ ತಿರುಗಿದಳು. ಸೆಕುರು ಮತ್ತೆ ಕೇಳಿದರು, ಅದೇ ಪದಗಳಲ್ಲಿ, ಅದೇ ಧ್ವನಿಯಲ್ಲಿ, ಸಾಕ್ಷಿ ಸುಮ್ಮನಿದ್ದಾಗ ಕೋರ್ಟಿನಲ್ಲಿ ಕೇಳುವ ಹಾಗೆ.

"ಇಪ್ಪತ್ತು," ಎಂದಳು ಹ್ಯಾರಿಯಟ್.

"ಕೂತಿರ್ತೀವಿ ಅಂತ ಹೇಳಿ."

ಮೂವತ್ತೈದು ನಿಮಿಷ ಹಿಡಿಯಿತು. ಪ್ರಿಂಟರ್ ಹಾಳೆ ಉಗುಳಿದಾಗ ಮುಚಾನೆತಾ ಅದನ್ನು ಬಾಗಿಲ ಬಳಿ ನಿಂತು ಓದಿದಳು. ಹೆಸರು, ಹುಟ್ಟಿದ ದಿನ, ಕೋಡ್. ಕೋಡನ್ನು ಎರಡು ಸಲ ಓದಿದಳು. ಅದರ ಪಕ್ಕ 'ಹಿರಿಯ ಆರೈಕೆದಾರರು' ಎಂದಿತ್ತು. ಮನುಷ್ಯರ.

"ಎಲ್ಲಾ ಸರಿಹೋಯ್ತಲ್ಲ," ಎಂದಳು ಹ್ಯಾರಿಯಟ್, ಬೆವರೊರೆಸಿಕೊಂಡು. "ಇದಕ್ಕೆ ದುಭಾಷಿ ಯಾಕೆ ಬೇಕಿತ್ತು? ನನ್ಹತ್ರ ನೇರವಾಗಿ ಇಂಗ್ಲಿಷಲ್ಲೇ ಹೇಳಬಹುದಿತ್ತಲ್ಲ?"

ಈ ಸಲ ಮುಚಾನೆತಾ ಇಂಗ್ಲಿಷಿನಲ್ಲೇ ಹೇಳಿದಳು. "ನನ್ನ ಇಂಗ್ಲಿಷಲ್ಲಿ ಥ್ಯಾಂಕ್ಯೂ ಇದೆ, ಸಾರಿ ಇದೆ, 'ಪರವಾಗಿಲ್ಲ' ಇದೆ. ನಿಮ್ಜೊತೆ ಮಾತಾಡಿ ಮಾತಾಡಿ ಅಷ್ಟೇ ಉಳ್ಕೊಂಡಿದೆ. ಈ ಕೆಲಸಕ್ಕೆ ಅದು ಸಾಲ್ತಿರ್ಲಿಲ್ಲ."

*

ಐದೂ ಇಪ್ಪತ್ತಕ್ಕೆ ಡರ್ವ್ಲಾ ಕೊನೆಯ ಗುಂಡಿ ಒತ್ತಿದಳು. ಪರದೆಯಲ್ಲಿ ಹೊಸ ಸಂಖ್ಯೆ ಬಂತು. "ಹಳೇದು ಇನ್ನು ಇಲ್ಲ, ಇದೇ ಇರೋದು. ನೀನು ಎಲ್ಲಿದ್ಯೋ ಅಲ್ಲೇ ಇದೀಯ. ಜೂನ್ ತನಕ ಏನೇ ಕಾಗದ ಬಂದ್ರೂ ನನಗೆ ತೋರಿಸ್ದೆ ಸಹಿ ಹಾಕ್ಬೇಡ." ಇದನ್ನು ಹೇಳುವಾಗ ಅವಳು ಸೆಕುರು ಕಡೆಗೂ ಒಮ್ಮೆ ನೋಡಿದಳು.

ಹೊರಗೆ ಬಂದಾಗ ಮುಚಾನೆತಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿದ್ದದ್ದು ಅವಳದ್ದೇ ವಸ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಓಡಾಡಿ, ಅಪ್ಪನ ಸಾವನ್ನು ಹ್ಯಾರಿಯಟ್‌ಳ ಮೇಜಿನ ಮೇಲೆ ಬಿಚ್ಚಿಟ್ಟು, ನಿನ್ನೆ ಇದ್ದ ಜಾಗಕ್ಕೇ ಬಂದು ನಿಂತಿದ್ದಳು. ಅದಕ್ಕಾಗಿ ಯಾರಿಗೂ ಥ್ಯಾಂಕ್ಸ್ ಹೇಳುವ ಮನಸ್ಸಿರಲಿಲ್ಲ.

ಸೆಕುರು ಚರ್ಚಿನ ಗೇಟಿನ ಬಳಿಯೇ ನಿಂತುಬಿಟ್ಟಿದ್ದರು. ಟೈ ಕೈಯಲ್ಲಿತ್ತು.

"ಮಾಯಿ ರುವಿಂಬೋ, ಒಂದು ಮಾತು."

"ಕ್ಷಮಿಸು ಅನ್ಬೇಡಿ. ಇವತ್ತು ಆಗಲ್ಲ ನನ್ನಿಂದ."

"ಅದಲ್ಲ. ನಿಮ್ಮ ಕಂಪನೀದು ಬೆಡ್‌ಫರ್ಡಲ್ಲಿ ಇನ್ನೊಂದು ವೃದ್ಧಾಶ್ರಮ ಇದೆಯಲ್ಲ. ಅಲ್ಲಿ ಫರಿಸಾಯಿಗೂ ಜೊಸೈಯಾಗೂ ಇಂಥದ್ದೇ ಕಾಗದ ಕೊಟ್ಟಿದಾರೆ. ಅವರದ್ದೂ ಅದೇ ನಾಯಿ ಕೋಡು. ಹೋದ ವಾರ ಇಬ್ಬರೂ ಫೋನ್ ಮಾಡಿದ್ರು." ಅವರು ಟೈಯನ್ನು ಬೆರಳಿಗೆ ಸುತ್ತಿದರು. "ಅವರಿಗೂ ದನಗಳ್ಳನ ಕಥೆ ಹೇಳಿದೆ."

ಮುಚಾನೆತಾ ಅವರನ್ನೇ ನೋಡಿದಳು. ಬೈಯಲು ಬಾಯಿ ತೆರೆದಳು. ಬೈಗುಳ ಹುಡುಕುತ್ತ ನಿಲ್ಲಲು ಈಗ ಸಮಯವಿಲ್ಲ ಎಂದು ಬಾಯಿ ಮುಚ್ಚಿದಳು.

"ಫೋನ್ ತೆಗೀರಿ."

"ಮನೆಗೆ ಹೋಗಿ ನಿಧಾನವಾಗಿ..."

"ಇಲ್ಲೇ. ಈಗಲೇ. ಕೋರ್ಟಿನ ಮಾತು ಒಂದೂ ಬೇಡ. ನಾನು ತಪ್ಪು ಹೇಳ್ದೆ ಅನ್ನಿ, ಅಷ್ಟೇ."

ಫರಿಸಾಯಿ ಎತ್ತಿದಳು. "ನಾನು ತಪ್ಪು ಹೇಳಿದೆ ಮಗಳೇ, ಸಹಿ ಹಾಕ್ಬೇಡ," ಎಂದರು ಸೆಕುರು. ಆಚೆಯಿಂದ ಏನೋ ಗಲಾಟೆ, ಪಾತ್ರೆಯ ಸದ್ದು, ನಗು. "ನಾನೆಲ್ಲಿ ಹಾಕಿದೀನಿ ಸೆಕುರು, ಆ ಕಾಗದ ಎಲ್ಲಿಟ್ಟೆ ಅಂತಾನೇ ಮರೆತುಹೋಗಿತ್ತು!" ಸೆಕುರು ಗೇಟಿನ ಕಂಬ ಹಿಡಿದುಕೊಂಡರು.

ಜೊಸೈಯಾ ಎತ್ತಲು ತಡಮಾಡಿದ. ಎತ್ತಿದ ಮೇಲೆ ಸೆಕುರು ಅದೇ ವಾಕ್ಯ ಹೇಳಿದರು.

"ಇವತ್ತು ಬೆಳಿಗ್ಗೆ ಕಳಿಸಿಬಿಟ್ರಲ್ಲ, ಸೆಕುರು. ನೀವೇ ಹೇಳಿದ್ರಲ್ಲ, ಮಲಗಿಸು ಅಂತ. ಯಾಕೆ? ಏನಾಯ್ತು?"

ಸೆಕುರು ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ. ಮುಚಾನೆತಾ ಅವರ ಕೈಯಿಂದ ಫೋನ್ ಕಿತ್ತುಕೊಂಡಳು.

"ಜೊಸೈಯಾ, ನಾನು ಮುಚಾನೆತಾ. ಬೆಳಿಗ್ಗೆ ಕಳಿಸಿದ್ದನ್ನ ಸಂಜೆ ಒಳಗೆ ಅಲ್ಲಿ ಯಾರೂ ತೆಗೆದು ನೋಡಿರಲ್ಲ. ಅವರು ನೋಡೋಕ್ಮುಂಚೆ ಸರಿಯಾದ ಕೋಡಿಂದ ಹೊಸ ಅರ್ಜಿ ಹೋಗ್ಬೇಕು. ಇರೋ ಬಟ್ಟೇಲೇ ಹೊರಡು. ಮೊದಲು ನಿಮ್ಮ ಮ್ಯಾನೇಜರ್ ಹತ್ರ ಹೋಗು. ಸರಿಯಾದ ಸರ್ಟಿಫಿಕೇಟ್ ಇಪ್ಪತ್ತು ನಿಮಿಷದ ಕೆಲಸ ಅಂತ ಹೇಳು, ಅದು ಕೈಗೆ ಬರೋ ತನಕ ಕುರ್ಚಿ ಬಿಟ್ಟು ಏಳ್ಬೇಡ. ಆಗಲ್ಲ ಅಂದ್ರೆ ನನಗೆ ಫೋನ್ ಮಾಡಿ ಅವರ ಕೈಗೆ ಕೊಡು. ಅಲ್ಲಿಂದ ನೇರ ಲೂಟನ್ನಿಗೆ ಬಾ. ಏನು? ಇಲ್ಲ, ಅಳೋದೆಲ್ಲ ಆಮೇಲೆ. ಹೊರಡು."

ಹಾಲ್‌ನೊಳಗೆ ಡರ್ವ್ಲಾ ಕೋಟು ಹಾಕಿಕೊಂಡು ಮೇಜು ಮಡಚುತ್ತಿದ್ದಳು. ಬಾಗಿಲಲ್ಲಿ ಮತ್ತೆ ಅವರಿಬ್ಬರನ್ನೂ ನೋಡಿ ಅವಳ ಕೈ ನಿಂತಿತು.

"ಮೇಜು ಮಡಚ್ಬೇಡಿ," ಎಂದಳು ಮುಚಾನೆತಾ. "ಇನ್ನೊಬ್ಬ ಬರ್ತಿದಾನೆ."